ನಿಲ್ದಾಣದ ಎದುರು ನಿಂತ ಗಾಡಿ ಎಷ್ಟು ಹೊತ್ತಿನದು?

ಪ್ರಶ್ನೆ: ನಮ್ಮದು ಶಿವಮೊಗ್ಗ–ತಾಳಗುಪ್ಪ ರೈಲು ಮಾರ್ಗದ ಒಂದು ಊರು. ಹೆಸರು ಹಾಕುವುದು ಬೇಡ, ಇಲ್ಲಿ ಎಲ್ಲರೂ ಪರಿಚಯದವರೇ. ನಮ್ಮ ಮನೆ ನಿಲ್ದಾಣದ ಗೇಟಿನ ಎದುರಿನ ರಸ್ತೆಯಲ್ಲಿದೆ. ಈಚಿನ ವರ್ಷಗಳಲ್ಲಿ ರಸ್ತೆಯ ಎರಡೂ ಬದಿ ಬೈಕುಗಳು ತುಂಬಿಕೊಳ್ಳುತ್ತಿವೆ. ರೈಲಿನ ಹೊತ್ತಿಗೆ ಕಾರು, ಆಟೊಗಳೂ ಸೇರಿದರೆ ನಡೆದುಹೋಗಲೂ ದಾರಿಯಿಲ್ಲ. ಪಕ್ಕದ ಮನೆಯ ಅಜ್ಜಿಯನ್ನು ಕರೆದೊಯ್ಯಲು ಬಂದ ಆಂಬುಲೆನ್ಸ್ ತಿರುವಿನಲ್ಲೇ ನಿಂತು, ಅವರನ್ನು ಕುರ್ಚಿಯಲ್ಲಿ ಕೂರಿಸಿ ಅಲ್ಲಿಯ ತನಕ ಹೊತ್ತೊಯ್ಯಬೇಕಾಯಿತು. ನಿಲ್ದಾಣದೊಳಗೆ ದುಡ್ಡು ಕೊಟ್ಟು ನಿಲ್ಲಿಸುವ ಜಾಗವಿದೆ, ಆದರೆ ಅದು ಅರ್ಧ ಖಾಲಿ. ಯಾರನ್ನು ಕೇಳಿದರೂ ಇನ್ನೊಬ್ಬರ ಕಡೆ ಕೈ ತೋರಿಸುತ್ತಾರೆ. ಊರವರು ಸೇರಿ ಬಹುಮಹಡಿ ಪಾರ್ಕಿಂಗ್ ಕಟ್ಟಡ ಕೇಳಿ ಮನವಿ ಕೊಡಲು ಹೊರಟಿದ್ದೇವೆ. ಅದರಲ್ಲಿ ಏನೇನು ಬರೆಯಬೇಕು?

ಉತ್ತರ: ಮನವಿ ಕೊಡಿ, ಆದರೆ ಬಹುಮಹಡಿ ಕಟ್ಟಡಕ್ಕಲ್ಲ. ಒಳಗಿನ ಜಾಗ ಅರ್ಧ ಖಾಲಿ ಎಂದು ನೀವೇ ಬರೆದಿದ್ದೀರಿ. ಇರುವ ನೆಲವೇ ತುಂಬದ ಕಡೆ ಅದರ ಮೇಲೆ ಇನ್ನೆರಡು ಅಂತಸ್ತು ಎಬ್ಬಿಸಿದರೆ ತುಂಬುವುದು ಕಟ್ಟಿದವರ ಜೇಬು ಮಾತ್ರ.

ನಿಮ್ಮ ರಸ್ತೆಯಲ್ಲಿ ಜಾಗಕ್ಕೆ ಕೊರತೆಯಿಲ್ಲ. ಐದು ನಿಮಿಷ ನಿಲ್ಲುವ ಗಾಡಿ, ಬಾಡಿಗೆಗೆ ಕಾಯುವ ಗಾಡಿ, ಐದು ದಿನ ಮಲಗುವ ಗಾಡಿ, ಈ ಮೂರೂ ಗೇಟಿಗೆ ಹತ್ತಿರದ ಅದೇ ಒಂದಿಷ್ಟು ಅಡಿ ರಸ್ತೆಯಂಚಿಗೆ ಜಗಳವಾಡುತ್ತಿವೆ, ಮತ್ತು ಮೊದಲು ಬಂದದ್ದು ಗೆಲ್ಲುತ್ತಿದೆ. ಮೊದಲು ಬರುವುದು ಯಾವಾಗಲೂ ಮಲಗುವ ಗಾಡಿಯೇ. ಹಾಗಾಗಿ ಕಾರಿಗೊಂದು ಕಡೆ, ಬೈಕಿಗೊಂದು ಕಡೆ, ಆಟೊಗೊಂದು ಕಡೆ ಎಂದು ಹಂಚುವ ಹಳೆಯ ಪದ್ಧತಿಯನ್ನು ಬದಿಗಿಟ್ಟು, ಎಷ್ಟು ಹೊತ್ತು ನಿಲ್ಲುತ್ತದೆ ಎನ್ನುವುದರ ಮೇಲೆ ಹಂಚಿ. ಕಡಿಮೆ ಹೊತ್ತಿನದು ಗೇಟಿನ ಬಳಿ, ಹೆಚ್ಚು ಹೊತ್ತಿನದು ದೂರ. ಮುಂದೆ ನಾನು ಹೇಳುವುದೆಲ್ಲ ಇದರ ವಿವರವೇ.

ಇಷ್ಟು ಬೈಕುಗಳು ಎಲ್ಲಿಂದ ಬಂದವು ಎಂಬುದನ್ನು ಮೊದಲು ನೋಡೋಣ. ನಿಮ್ಮ ಮಾರ್ಗದ ನಿಲ್ದಾಣಗಳ ಅಂಗಳಗಳು ಮೀಟರ್ ಗೇಜ್, ಅಂದರೆ ಕಿರಿದಾದ ಹಳಿಯ ಕಾಲದವು. ಬೀರೂರಿನಿಂದ ಶಿವಮೊಗ್ಗಕ್ಕೆ ರೈಲು ಬಂದದ್ದು 1899ರಲ್ಲಿ, ಅಲ್ಲಿಂದ ತಾಳಗುಪ್ಪಕ್ಕೆ ಹಳಿ ಮುಂದುವರಿದದ್ದು ಸುಮಾರು ನಾಲ್ಕು ದಶಕಗಳ ನಂತರ. ಆಗ ನಿಲ್ದಾಣದ ಮುಂದೆ ನಿಲ್ಲುತ್ತಿದ್ದದ್ದು ಎತ್ತಿನ ಗಾಡಿ, ಅದೂ ಮೂಟೆ ಇಳಿಸುವ ತನಕ. ಗೇಜ್ ಬದಲಾಗುವ ಮುಂಚೆ ಕೆಲವು ವರ್ಷ ಈ ಹಳಿಯ ಮೇಲೆ ರೈಲ್‌ಬಸ್, ಅಂದರೆ ಹಳಿಯ ಮೇಲೆ ಓಡುವ ಬಸ್ಸಿನಂಥ ಗಾಡಿ, ಓಡುತ್ತಿತ್ತು. ಅದು ಹಗಲಿನ ಓಡಾಟ, ಸುತ್ತಮುತ್ತಲಿನವರದು, ಬಹುಪಾಲು ಜನ ನಡೆದೇ ಬರುವಂಥದ್ದು. 2011ರಲ್ಲಿ ತಾಳಗುಪ್ಪದ ತನಕ ಬ್ರಾಡ್‌ಗೇಜ್ ಆಗಿ, ಬೆಂಗಳೂರು, ಮೈಸೂರಿಗೆ ನೇರ ರೈಲುಗಳು ಬಂದ ಮೇಲೆ ಲೆಕ್ಕವೇ ಬದಲಾಯಿತು. ತಾಳಗುಪ್ಪದಿಂದ ರಾತ್ರಿ ಹೊರಡುವ ಮೈಸೂರು ರೈಲು ಬೆಳಗಿನ ಜಾವಕ್ಕೆ ಬೆಂಗಳೂರಿನಲ್ಲಿರುತ್ತದೆ. ಹೊಸನಗರದ ಕಡೆಯ ಹಳ್ಳಿಯವರಿಗೂ ಸೊರಬದ ಕಡೆಯವರಿಗೂ ಅದೇ ರೈಲು. ಆ ಹಳ್ಳಿಗಳಿಗೆ ರಾತ್ರಿ ಒಂಬತ್ತಕ್ಕೆ ಬಸ್ಸಿಲ್ಲ, ಬೆಳಗಿನ ಜಾವ ಇಳಿದರೂ ಬಸ್ಸಿಲ್ಲ. ಹೀಗಾಗಿ ಬೈಕು ಅವರಿಗೆ ಅನಿವಾರ್ಯ. ಅವರನ್ನು ಬೈಯುವುದರಲ್ಲಿ ಅರ್ಥವಿಲ್ಲ.

ಈಗ ನಿಮ್ಮ ಕೆಲಸ. ಮನವಿ ಬರೆಯುವ ಮುಂಚೆ ಒಂದು ವಾರ ಎಣಿಸಿ. ಸಾರಿಗೆ ಯೋಜನೆಯವರು ಇದನ್ನು ನಂಬರ್ ಪ್ಲೇಟ್ ಸಮೀಕ್ಷೆ ಎನ್ನುತ್ತಾರೆ. ಬೇಕಾಗುವುದು ಒಂದು ನೋಟ್‌ಬುಕ್ಕು ಮತ್ತು ಬೇಗ ಏಳುವ ಇಬ್ಬರು. ರಸ್ತೆಯನ್ನು ನಾಲ್ಕೈದು ತುಂಡು ಮಾಡಿಕೊಳ್ಳಿ: ಗೇಟಿನಿಂದ ಹೋಟೆಲಿನ ತನಕ, ಹೋಟೆಲಿನಿಂದ ತಿರುವಿನ ತನಕ, ಹೀಗೆ. ದಿನಕ್ಕೆ ಮೂರು ಸುತ್ತು ಸಾಕು. ಬೆಳಗಿನ ಮೊದಲ ರೈಲಿಗೆ ಮುಂಚೆ ಒಂದು, ಮಧ್ಯಾಹ್ನ ಒಂದು, ರಾತ್ರಿಯ ಕೊನೆಯ ರೈಲು ಹೋದ ಮೇಲೆ ಒಂದು. ನಿಂತ ಪ್ರತಿ ಗಾಡಿಯ ಕೊನೆಯ ನಾಲ್ಕು ಅಂಕಿ ಬರೆದುಕೊಳ್ಳಿ, ಅಷ್ಟೇ. ಯಾರ ಗಾಡಿ ಎಂದು ವಿಚಾರಿಸಲು ಹೋಗಬೇಡಿ, ಸಣ್ಣ ಊರಿನಲ್ಲಿ ಅದು ಬೇರೆಯೇ ರಗಳೆ. ಒಳಗಿನ ಪಾರ್ಕಿಂಗ್ ಜಾಗದಲ್ಲೂ ಅದೇ ಹೊತ್ತಿಗೆ ಎಷ್ಟು ಗಾಡಿಗಳಿವೆ ಎಂದು ಎಣಿಸಿ. ಭಾನುವಾರದಿಂದ ಭಾನುವಾರದ ತನಕ ಇದನ್ನು ಬಿಡದೆ ಮಾಡಿ, ಏಕೆಂದರೆ ನಿಮ್ಮ ನಿಲ್ದಾಣದ ಗುಟ್ಟು ವಾರದಲ್ಲಿದೆ, ದಿನದಲ್ಲಲ್ಲ.

ಏನು ಕಾಣುತ್ತದೆ ಎಂದು ಬೇಕಾದರೆ ಈಗಲೇ ಹೇಳುತ್ತೇನೆ. ಭಾನುವಾರ ರಾತ್ರಿಯ ಪಟ್ಟಿಯಲ್ಲಿರುವ ಅಂಕಿಗಳಲ್ಲಿ ಒಂದು ದೊಡ್ಡ ಪಾಲು ಸೋಮವಾರ, ಬುಧವಾರ, ಶುಕ್ರವಾರ ಎಲ್ಲದರಲ್ಲೂ ಅದೇ ಜಾಗದಲ್ಲಿ ಇರುತ್ತವೆ. ಇವು ಬೆಂಗಳೂರಿನಲ್ಲಿ ಕೆಲಸ ಮಾಡುವ ಹುಡುಗ ಹುಡುಗಿಯರ ಗಾಡಿಗಳು. ಶುಕ್ರವಾರ ರಾತ್ರಿ ಅಲ್ಲಿ ರೈಲು ಹತ್ತಿ, ಶನಿವಾರ ಬೆಳಿಗ್ಗೆ ಇಲ್ಲಿ ಇಳಿದು, ಗಾಡಿ ಒದ್ದು ಊರಿಗೆ ಹೋಗುತ್ತಾರೆ. ಭಾನುವಾರ ರಾತ್ರಿ ತಂದು ನಿಮ್ಮ ಗೇಟಿನ ಪಕ್ಕ ನಿಲ್ಲಿಸಿ ಮತ್ತೆ ಹೊರಡುತ್ತಾರೆ. ಗಾಡಿ ಓಡುವುದು ಎರಡು ದಿನ, ಮಲಗುವುದು ಐದು ದಿನ.

ಮಳೆಗಾಲದಲ್ಲಿ ಇವನ್ನು ಗುರುತಿಸಲು ನೋಟ್‌ಬುಕ್ಕೂ ಬೇಡ. ಬಗ್ಗಿ ಗಾಡಿಯ ಅಡಿ ನೋಡಿ. ಸುತ್ತಲೂ ಕೆಸರಿದ್ದು, ಇಂಜಿನ್ನಿನ ಕೆಳಗಷ್ಟೇ ಒಂದು ಗೇಣು ಒಣಮಣ್ಣು ಉಳಿದಿದ್ದರೆ ಅದು ಮಳೆ ಹಿಡಿಯುವ ಮುಂಚೆ ಬಂದದ್ದು. ಸೀಟಿಗೆ ಕಟ್ಟಿದ ಪ್ಲಾಸ್ಟಿಕ್ಕಿನ ತಗ್ಗಿನಲ್ಲಿ ನೀರು ನಿಂತು ಅದರೊಳಗೆ ಮರದೆಲೆ ಕಪ್ಪಾಗಿದ್ದರೆ, ಹಿಂದಿನ ಚಕ್ರದ ಕಡ್ಡಿಗಳ ನಡುವೆ ಜೇಡ ಬಲೆ ಹಾಕಿದ್ದರೆ ಅದು ವಾರದ ಗಿರಾಕಿ. ಬೆಳಿಗ್ಗೆ ಬಂದು ಸಂಜೆ ಹೋಗುವ ಶಿವಮೊಗ್ಗದ ಉದ್ಯೋಗಸ್ಥರ ಗಾಡಿಯ ಸೀಟು ಎಂದೂ ಹಾಗಿರುವುದಿಲ್ಲ.

ಈ ವಾರದ ಗಾಡಿಗಳನ್ನು ಗೇಟಿನ ಮುಂದಿನಿಂದ ಎಬ್ಬಿಸಿ ಒಳಗಿನ ಜಾಗದ ದೂರದ ಮೂಲೆಗೆ ಕಳಿಸಿದರೆ ನಿಮ್ಮ ರಸ್ತೆಯ ಬಹುಪಾಲು ತೊಂದರೆ ಅಲ್ಲಿಗೇ ಇಳಿಯುತ್ತದೆ. ಹಾಗಾದರೆ ಅವರೇಕೆ ಈಗ ಒಳಗೆ ಹೋಗುತ್ತಿಲ್ಲ? ದುಡ್ಡು ಉಳಿಸಲು ಎಂದು ನೀವು ಹೇಳಬಹುದು. ಅದು ಅರ್ಧ ಸತ್ಯ. ಇನ್ನರ್ಧ ನೆಲದಲ್ಲಿದೆ.

ಮಲೆನಾಡಿನ ಬಯಲು ಪಾರ್ಕಿಂಗ್ ಜಾಗಗಳನ್ನು ಆಷಾಢದಲ್ಲಿ ಒಮ್ಮೆ ಹೊಕ್ಕು ನೋಡಬೇಕು. ಮಣ್ಣು ತೊಯ್ದು ಮೆತ್ತಗಾಗಿರುತ್ತದೆ. ಸೈಡ್ ಸ್ಟ್ಯಾಂಡ್ ಹಾಕಿದ ಗಾಡಿ ರಾತ್ರಿಯ ಹೊತ್ತಿಗೆ ಒಂದಿಂಚು ಇಳಿಯುತ್ತದೆ, ಬೆಳಗಿನ ಹೊತ್ತಿಗೆ ವಾಲುತ್ತದೆ, ಸಾಲಿನಲ್ಲಿ ಒಂದು ಬಿತ್ತೆಂದರೆ ಅದರ ಹಿಂದೆ ಹತ್ತು ಇಸ್ಪೀಟೆಲೆಗಳಂತೆ ಮಲಗುತ್ತವೆ. ಕನ್ನಡಿ ಒಡೆದದ್ದಕ್ಕೆ, ಪೆಟ್ರೋಲ್ ಸೋರಿದ್ದಕ್ಕೆ ಯಾರೂ ಹೊಣೆಯಲ್ಲ ಎಂದು ಚೀಟಿಯ ಹಿಂದೆ ಸಣ್ಣ ಅಕ್ಷರದಲ್ಲಿ ಅಚ್ಚಾಗಿರುತ್ತದೆ. ಕಲ್ಲು ಹಾಸಿದ್ದರೂ ಓರೆಯಿಲ್ಲದಿದ್ದರೆ ನೀರು ನಿಂತು ಪಾಚಿ ಕಟ್ಟುತ್ತದೆ. ಸೀರೆ ಉಟ್ಟು ಸ್ಕೂಟರ್ ತಳ್ಳುವ ಶಿಕ್ಷಕಿಯೊಬ್ಬರು ಅಲ್ಲಿ ಒಮ್ಮೆ ಜಾರಿದರೆ ಇನ್ನೊಮ್ಮೆ ಒಳಗೆ ಬರುವುದಿಲ್ಲ. ಡಾಂಬರು ಹಾಕಿದ ನಿಮ್ಮ ರಸ್ತೆ ಇವರೆಲ್ಲರಿಗೂ ಗಟ್ಟಿ ನೆಲ, ಬೀದಿದೀಪ ಬೇರೆ ಇದೆ, ಮೇಲಾಗಿ ಪುಕ್ಕಟೆ. ನಾನಾಗಿದ್ದರೂ ಅಲ್ಲೇ ನಿಲ್ಲಿಸುತ್ತಿದ್ದೆ.

ಆದ್ದರಿಂದ ಮನವಿಯ ಮೊದಲ ಬೇಡಿಕೆ ಹೀಗಿರಲಿ: ಈಗಿರುವ ಜಾಗಕ್ಕೆ ಗಟ್ಟಿ ನೆಲ, ನೀರು ಹರಿಯುವ ಓರೆ, ಚರಂಡಿ, ಬೈಕಿನ ಭಾಗಕ್ಕೆ ತಗಡಿನ ಮಾಡು, ಬೆಳಗಿನ ಜಾವದ ತನಕ ಉರಿಯುವ ದೀಪ, ಕ್ಯಾಮೆರಾ. ಲೆಕ್ಕ ಕೇಳಿದರೆ ತೋರಿಸಿ. ಬಯಲಿನಲ್ಲಿ ಒಂದು ಕಾರಿಗೆ, ಒಳಗೆ ಓಡಾಡುವ ದಾರಿಯೂ ಸೇರಿ, ಸುಮಾರು 23 ಚದರ ಮೀಟರ್ ಹಿಡಿಯುವುದು ವಾಡಿಕೆ. ಕಟ್ಟಡದೊಳಗಾದರೆ ಕಂಬಗಳಿಂದಾಗಿ ಅದು 28ಕ್ಕೆ ಏರುತ್ತದೆ, ನೆಲಮಾಳಿಗೆಯಲ್ಲಿ 32ಕ್ಕೆ. ಬೈಕಿಗೆ ದಾರಿ ಸೇರಿಸಿ ಮೂರು ಚದರ ಮೀಟರ್ ಸಾಕು. ಅಂದರೆ ಒಂದು ಕಾರಿನ ಜಾಗದಲ್ಲಿ ಏಳೆಂಟು ಬೈಕು. ಬೈಕುಗಳದ್ದೇ ತೊಂದರೆಯಾಗಿರುವ ಊರಿಗೆ ಬಹುಮಹಡಿ ಕಟ್ಟಡ ಬೇಡ, ಮಾಡು ಬೇಕು. ಮಾಡಿಗೆ ತಗಲುವ ಹಣವೂ ಕಟ್ಟಡದ ಮುಂದೆ ಏನೇನೂ ಅಲ್ಲ.

ಶುಲ್ಕದ ವಿಷಯಕ್ಕೆ ಬರೋಣ. ಇಲ್ಲಿ ಜನರು ಎರಡು ಬಗೆಯ ತಪ್ಪು ಬೇಡಿಕೆ ಇಡುತ್ತಾರೆ. ಪೂರ್ತಿ ಪುಕ್ಕಟೆ ಮಾಡಿ ಎನ್ನುವುದು ಒಂದು. ಹಾಗೆ ಮಾಡಿದರೆ ಮಾರುಕಟ್ಟೆಗೆ ಬಂದವರ ಗಾಡಿಗಳೂ ಅಲ್ಲೇ ತುಂಬಿ, ರೈಲಿನವರಿಗೆ ಜಾಗ ಇಲ್ಲವಾಗುತ್ತದೆ. ಹೆಚ್ಚು ದಿನ ನಿಲ್ಲಿಸಿದವರಿಗೆ ಜೋರು ದಂಡ ಹಾಕಿ ಎನ್ನುವುದು ಇನ್ನೊಂದು. ಹಾಗೆ ಮಾಡಿದರೆ ವಾರದ ಗಿರಾಕಿ ನೇರವಾಗಿ ನಿಮ್ಮ ಮನೆಯೆದುರಿಗೆ ಬರುತ್ತಾನೆ. ದರ ಏರಬೇಕಾದ್ದು ಜಾಗಕ್ಕೆ, ದಿನಕ್ಕಲ್ಲ. ಗೇಟಿಗೆ ಹತ್ತಿರದ ಸಾಲು ದುಬಾರಿ, ಹಿಂದಿನ ಮೂಲೆ ಅಗ್ಗ. ಶಿವಮೊಗ್ಗಕ್ಕೆ ದಿನಾ ಹೋಗಿಬರುವ ಸೀಸನ್ ಟಿಕೆಟಿನವರಿಗೂ ವಾರದವರಿಗೂ ತಿಂಗಳ ಪಾಸು. ದರ ಸರಿಯಿದೆಯೋ ಇಲ್ಲವೋ ತಿಳಿಯಲು ಒಂದು ಸುಲಭದ ಗುರುತಿದೆ: ಜನಜಂಗುಳಿಯ ಹೊತ್ತಿನಲ್ಲಿ ನೂರಕ್ಕೆ 85 ತುಂಬಿ 15 ಖಾಲಿ ಇರಬೇಕು. ಅದಕ್ಕಿಂತ ಖಾಲಿಯಿದ್ದರೆ ದರ ಹೆಚ್ಚಾಯಿತು ಅಥವಾ ನೆಲ ಕೆಟ್ಟಿದೆ ಎಂದರ್ಥ. ಪೂರ್ತಿ ತುಂಬಿದರೆ ದರ ಕಡಿಮೆಯಾಯಿತು.

ಇದನ್ನೆಲ್ಲ ಯಾವಾಗ ಕೇಳುತ್ತೀರಿ ಎನ್ನುವುದೂ ಮುಖ್ಯ. ರೈಲ್ವೆಯ ಪಾರ್ಕಿಂಗ್ ಗುತ್ತಿಗೆಗಳನ್ನು 2022ರ ಜೂನ್‌ನಿಂದ ಆನ್‌ಲೈನ್ ಹರಾಜಿನಲ್ಲಿ ಕೊಡುತ್ತಾರೆ. ಹರಾಜಾದ ಮೇಲೆ ಗುತ್ತಿಗೆದಾರರ ಬಳಿ ಹೋಗಿ ಪಾಸು ಕೊಡಿ, ಮೂಲೆಗೆ ಕಡಿಮೆ ದರ ಹಾಕಿ ಎಂದರೆ ಅವರು ಒಪ್ಪಂದದ ಕಾಗದ ತೋರಿಸುತ್ತಾರೆ, ಅದು ಅವರ ತಪ್ಪೂ ಅಲ್ಲ. ಈಗಿನ ಗುತ್ತಿಗೆ ಯಾವಾಗ ಮುಗಿಯುತ್ತದೆ ಎಂದು ಮಾಹಿತಿ ಹಕ್ಕಿನಲ್ಲಿ ಕೇಳಿ ತಿಳಿದುಕೊಳ್ಳಿ. ಅದಕ್ಕೆ ಕೆಲವು ತಿಂಗಳ ಮುಂಚೆಯೇ ಮೈಸೂರು ವಿಭಾಗದ ವಾಣಿಜ್ಯ ಶಾಖೆಗೆ ನಿಮ್ಮ ಷರತ್ತುಗಳ ಪಟ್ಟಿ ಮುಟ್ಟಿರಲಿ. ವಿಭಾಗ ಮಟ್ಟದಲ್ಲಿ ರೈಲು ಬಳಕೆದಾರರ ಸಲಹಾ ಸಮಿತಿ ಇದೆ, ಅದರ ಸದಸ್ಯರ ಮೂಲಕ ಹೋದರೆ ಪತ್ರ ಕಡತದಡಿ ಮುಚ್ಚಿಹೋಗುವುದಿಲ್ಲ.

ಇನ್ನು ಬಿಡಲು ಬರುವ ಕಾರುಗಳು. ಬೇರೆ ಊರಿನ ನಕ್ಷೆ ನೋಡಿ ಎರಡು ನಿಮಿಷದ ನಿಲುಗಡೆ ಎಂದು ಬೋರ್ಡು ಹಾಕಿದರೆ ನಮ್ಮಲ್ಲಿ ನಡೆಯುವುದಿಲ್ಲ. ಮಲೆನಾಡಿನಲ್ಲಿ ಯಾರೂ ಮಗಳನ್ನು ಗೇಟಿನಲ್ಲಿ ಇಳಿಸಿ ಹಾಗೇ ತಿರುಗಿ ಹೋಗುವುದಿಲ್ಲ. ಹಿಂದಿನ ಸೀಟಿನಿಂದ ಅಜ್ಜ, ಅಜ್ಜಿ, ಉಪ್ಪಿನಕಾಯಿ ಡಬ್ಬಿ, ಹಲಸಿನ ಹಪ್ಪಳದ ಕಟ್ಟು, ಅಕ್ಕಿಯ ಚೀಲ ಎಲ್ಲವೂ ಇಳಿಯುತ್ತವೆ. ಕಾರು ಓಡಿಸಿದವರೂ ಹತ್ತು ರೂಪಾಯಿಯ ಪ್ಲಾಟ್‌ಫಾರ್ಮ್ ಟಿಕೆಟ್ ತೆಗೆದುಕೊಂಡು ಒಳಗೆ ಹೋಗುತ್ತಾರೆ. ರೈಲು ಕಣ್ಮರೆಯಾಗುವ ತನಕ ಕೈ ಬೀಸಿ, ಆಮೇಲೆ ಪರಿಚಯದವರ ಜೊತೆ ಅಡಿಕೆ ದರ ಮಾತನಾಡಿಕೊಂಡು ಹೊರಗೆ ಬರುತ್ತಾರೆ. ಇದಕ್ಕೆ ಅರ್ಧ ಗಂಟೆ ಬೇಕು. ಪೊಲೀಸರ ಸೀಟಿಯಿಂದ ಈ ರೂಢಿ ಹೋಗುವುದಿಲ್ಲ, ಹೋಗಬೇಕೆಂದೂ ನನಗೆ ಅನ್ನಿಸುವುದಿಲ್ಲ. ಹಾಗಾಗಿ ಎರಡು ಏರ್ಪಾಡು ಬೇಕು. ಪೋರ್ಟಿಕೊದ ಮುಂದೆ ಇಳಿಸಿ ಹೊರಡುವ ಒಂದು ಪಥ, ಅಲ್ಲಿ ಚಾಲಕರು ಗಾಡಿ ಬಿಟ್ಟು ಇಳಿಯುವಂತಿಲ್ಲ. ಅದರ ಪಕ್ಕದಲ್ಲೇ, ಈಗ ವಾರದ ಬೈಕುಗಳು ಮಲಗಿರುವ ಜಾಗದಲ್ಲಿ, ಅರ್ಧ ಗಂಟೆ ಪುಕ್ಕಟೆ ನಿಲ್ಲಿಸುವ ಏಳೆಂಟು ಕಾರಿನ ಸಾಲು. ಅರ್ಧ ಗಂಟೆ ದಾಟಿದರೆ ಶುಲ್ಕ. ಅದರಲ್ಲಿ ಒಂದು ಜಾಗ ಅಂಗವಿಕಲರಿಗೆ ಮೀಸಲು: ಅಗಲ 3.6 ಮೀಟರ್, ಪ್ರವೇಶದ್ವಾರದಿಂದ 30 ಮೀಟರಿನೊಳಗೆ, ಅಲ್ಲಿಂದ 12 ಅಡಿಗೆ ಒಂದಡಿಗಿಂತ ಹೆಚ್ಚು ಏರದ ಇಳಿಜಾರು. ಇಳಿಜಾರಿನ ಬುಡದಲ್ಲಿ ಬೈಕು ನಿಲ್ಲದಂತೆ ಎರಡು ಗೂಟ ನೆಟ್ಟರೆ ಒಳ್ಳೆಯದು.

ಆಟೊದವರನ್ನು ದೂರ ಅಟ್ಟಬೇಡಿ. ಬೆಳಗಿನ ಜಾವ ಇಳಿದವರನ್ನು ಮನೆ ಮುಟ್ಟಿಸುವವರು ಅವರೇ. ಆದರೆ ಗೇಟಿನ ಎದುರು ಮೂರು ಆಟೊ ಸಾಕು, ಉಳಿದವು ಹಿಂದೆ ಸಾಲಿನಲ್ಲಿ ನಿಲ್ಲಲಿ. ಮುಂದಿನದು ಹೊರಟಾಗ ಹಿಂದಿನದು ಬರಲಿ. ಸರದಿಯ ಶಿಸ್ತು ಅವರ ಸಂಘಕ್ಕೆ ಪೊಲೀಸರಿಗಿಂತ ಚೆನ್ನಾಗಿ ಗೊತ್ತು. ಜೋಗ, ಸಿಗಂದೂರಿನ ಪ್ರವಾಸಿಗರಿಗೆ ಕಾಯುವ ಟ್ಯಾಕ್ಸಿಗಳೂ ಇದೇ ಬಗೆಯವು, ಅವುಗಳ ಸಾಲು ಇನ್ನೂ ಹಿಂದಿರಬಹುದು. ಬಸ್ಸಿಗೆ ಮಾತ್ರ ಗೇಟಿನ ಹತ್ತಿರ ಜಾಗ ಬೇಕೇ ಬೇಕು. ಐವತ್ತು ಜನರನ್ನು ಇಳಿಸುವ ಬಸ್ಸನ್ನು ದೂರ ನಿಲ್ಲಿಸಿ, ಒಬ್ಬರನ್ನು ಇಳಿಸುವ ಕಾರಿಗೆ ಪೋರ್ಟಿಕೊ ಬಿಟ್ಟುಕೊಡುವುದು ನಮ್ಮ ನಿಲ್ದಾಣಗಳ ಹಳೆಯ ಚಾಳಿ.

ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ಸುತ್ತಮುತ್ತ ಬಾರ್ಟ್ ಎಂಬ ಉಪನಗರ ರೈಲು ವ್ಯವಸ್ಥೆಯಿದೆ. ನಿಲ್ದಾಣಕ್ಕೆ ಬರುವವರಲ್ಲಿ ಯಾರಿಗೆ ಮೊದಲ ಮಣೆ ಎಂದು ಅವರು 2016ರ ನೀತಿಯಲ್ಲಿ ಬರೆದಿಟ್ಟಿದ್ದಾರೆ. ಮೊದಲು ನಡೆದು ಬರುವವರು, ನಂತರ ಸೈಕಲ್, ನಂತರ ಬಸ್ಸು, ಅದಾದ ಮೇಲೆ ಜನರನ್ನು ಇಳಿಸಿ ಹೋಗುವ ಗಾಡಿ, ಕಟ್ಟಕಡೆಗೆ ನಿಲ್ಲಿಸುವ ಕಾರು. ಪಟ್ಟಿಯ ಎರಡು ತುದಿಗಳನ್ನು ಹಾಗೇ ಒಪ್ಪುತ್ತೇನೆ. ನಡುವಿನದು ನಮಗೆ ಅಷ್ಟಾಗಿ ಹೊಂದುವುದಿಲ್ಲ. ಏರು ಇಳಿವಿನ ದಾರಿ, ನಾಲ್ಕು ತಿಂಗಳ ಮಳೆ ಇರುವ ಕಡೆ ಇಪ್ಪತ್ತು ಕಿಲೋಮೀಟರ್ ದೂರದವರಿಗೆ ಸೈಕಲ್ಲಿನ ಉಪದೇಶ ಮಾಡಿದರೆ ನಗುತ್ತಾರೆ. ಆದರೆ ನಡಿಗೆಯ ವಿಷಯ ಬೇರೆ. ನಿಮ್ಮ ಎಣಿಕೆಯಲ್ಲಿ ಊರೊಳಗಿನವರ ಬೈಕುಗಳೂ ಸಾಕಷ್ಟಿರುತ್ತವೆ. ಅವರಲ್ಲಿ ಹಳಿಯ ಆಚೆ ಬದಿಯ ಬಡಾವಣೆಯವರು ಎಷ್ಟು ಎಂದು ಹೋಟೆಲಿನಲ್ಲಿ ಕುಳಿತು ವಿಚಾರಿಸಿ. ನಿಲ್ದಾಣಕ್ಕೆ ಒಂದೇ ಬಾಗಿಲಿದ್ದರೆ, ಪ್ಲಾಟ್‌ಫಾರ್ಮ್ ಕಣ್ಣೆದುರೇ ಕಾಣುವ ಮನೆಯವರೂ ಹಳಿ ದಾಟುವ ರೈಲ್ವೆ ಗೇಟು ಸುತ್ತಿಕೊಂಡು ಬೈಕಿನಲ್ಲೇ ಬರುತ್ತಾರೆ, ಇಲ್ಲವೇ ಪ್ರಾಣ ಪಣಕ್ಕಿಟ್ಟು ಹಳಿ ದಾಟುತ್ತಾರೆ. ಕಾಲುಸೇತುವೆಯನ್ನು ಆಚೆ ಬದಿಗೂ ಇಳಿಸಿ ಅಲ್ಲೊಂದು ಸಣ್ಣ ಬಾಗಿಲು ಇಟ್ಟರೆ ಇಷ್ಟು ಗಾಡಿಗಳು ನಿಮ್ಮ ರಸ್ತೆಗೆ ಬರುವುದೇ ಇಲ್ಲ. ನಿಲ್ದಾಣಗಳನ್ನು ನವೀಕರಿಸುವ ರೈಲ್ವೆಯ ಅಮೃತ ಭಾರತ ನಿಲ್ದಾಣ ಯೋಜನೆಯ ಆಶಯಗಳಲ್ಲಿ ನಿಲ್ದಾಣವನ್ನು ಊರಿನ ಎರಡೂ ಬದಿಗೆ ಜೋಡಿಸುವುದೂ ಒಂದು. ನಿಮ್ಮ ಮಾರ್ಗದ ಶಿವಮೊಗ್ಗ ಟೌನ್, ಸಾಗರ ಜಂಬಗಾರು, ತಾಳಗುಪ್ಪ ಆ ಪಟ್ಟಿಯಲ್ಲಿವೆ. ನಿಮ್ಮದು ಅವುಗಳಲ್ಲಿ ಒಂದಾಗಿದ್ದರೆ ಈ ಬೇಡಿಕೆಯನ್ನು ಎರಡನೆಯದಾಗಿ ಬರೆಯಿರಿ. ಅಲ್ಲದಿದ್ದರೂ ಬರೆಯಿರಿ.

ಕೊನೆಗೆ ಯಾರನ್ನು ಕೇಳಬೇಕು ಎಂಬ ವಿಷಯ. ಗೇಟಿನ ಆಸುಪಾಸಿನಲ್ಲಿ ರೈಲ್ವೆಯ ಗಡಿಕಲ್ಲು ಅಥವಾ ನೆಟ್ಟ ಹಳಿಯ ತುಂಡು ಇರುತ್ತದೆ, ಮೊದಲು ಅದನ್ನು ಹುಡುಕಿ. ಅದರ ಒಳಗಿನದು ರೈಲ್ವೆಯದು. 1989ರ ರೈಲ್ವೆ ಕಾಯ್ದೆಯ 159ನೆಯ ಕಲಮಿನ ಪ್ರಕಾರ ಅಲ್ಲಿ ಗಾಡಿ ಓಡಿಸುವವರು ರೈಲ್ವೆ ಸಿಬ್ಬಂದಿ ಅಥವಾ ಪೊಲೀಸರು ಕೊಡುವ ಸಕಾರಣವಾದ ಸೂಚನೆಯನ್ನು ಪಾಲಿಸಲೇಬೇಕು. ಹೊರಗಿನದು ಸಾರ್ವಜನಿಕ ರಸ್ತೆ, ಅಲ್ಲಿ ನಡೆಯುವುದು 1988ರ ಮೋಟಾರು ವಾಹನ ಕಾಯ್ದೆ. ಎಲ್ಲಿ ನಿಲ್ಲಿಸಬಹುದು ಎಂದು ಗೊತ್ತುಪಡಿಸುವ ಅಧಿಕಾರ 117ನೆಯ ಕಲಮಿನಲ್ಲಿದೆ. ನಮ್ಮಲ್ಲಿ ಅದು ಜಿಲ್ಲಾಧಿಕಾರಿಗಳ ಅಧಿಸೂಚನೆಯಾಗಿ ಬರುತ್ತದೆ. ಆ ಅಧಿಸೂಚನೆ ಇಲ್ಲದೆ ನೀವೇ ಬರೆಸಿ ಹಾಕಿದ ‘ನೋ ಪಾರ್ಕಿಂಗ್’ ಬೋರ್ಡಿಗೆ ಕಾನೂನಿನ ಬಲವಿಲ್ಲ. ಮನೆಯೆದುರು ರಸ್ತೆಯ ಮೇಲೆ ಕಲ್ಲು, ಡ್ರಮ್ಮು, ಹೂಕುಂಡ ಇಡುವವರು ಸ್ವತಃ ತಪ್ಪಿತಸ್ಥರಾಗುತ್ತಾರೆ, ನಿಮ್ಮ ಬೀದಿಯಲ್ಲಿ ಅಂಥವರಿದ್ದರೆ ಮನವಿಗೆ ಮುಂಚೆ ತೆಗೆಸಿಬಿಡಿ. ಒಂದು ಬದಿಯಲ್ಲಿ ಪೂರ್ತಿ ನಿಷೇಧ, ಇನ್ನೊಂದು ಬದಿಯಲ್ಲಿ ಅರ್ಧ ಗಂಟೆ ಎಂಬ ಪ್ರಸ್ತಾವವನ್ನು ನಕ್ಷೆ ಮತ್ತು ಎಣಿಕೆಯ ಸಮೇತ ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿಗೆ ಕೊಡಿ. ಆಂಬುಲೆನ್ಸಿನ ಘಟನೆಯನ್ನು ದಿನಾಂಕದೊಂದಿಗೆ ಅದರ ಮೊದಲ ಸಾಲಿನಲ್ಲೇ ಬರೆಯಿರಿ.

ಹೊರಗಿನ ನಿಷೇಧವೂ ಒಳಗಿನ ಹೊಸ ಏರ್ಪಾಡೂ ಒಂದೇ ದಿನ ಜಾರಿಗೆ ಬರಬೇಕೆಂದು ಒತ್ತಿ ಹೇಳಿ. ಹೊರಗೆ ಪುಕ್ಕಟೆ ಇರುವ ತನಕ ಒಳಗೆ ಯಾರೂ ಬರುವುದಿಲ್ಲ. ಒಳಗೆ ಕೆಸರಿರುವ ತನಕ ಹೊರಗಿನವರನ್ನು ಎಬ್ಬಿಸಿದರೆ ಅವರು ಪಕ್ಕದ ಬೀದಿಗೆ ಹೋಗುತ್ತಾರೆ, ಆಗ ಆ ಬೀದಿಯವರು ನನಗೆ ಪತ್ರ ಬರೆಯುತ್ತಾರೆ.

ಅಲ್ಲಿಯ ತನಕ ಉಪಯೋಗಕ್ಕೆ ಬರುವ ಒಂದು ಕಲಮು ಇದೆ. ಮೋಟಾರು ವಾಹನ ಕಾಯ್ದೆಯ 127ರ ಪ್ರಕಾರ, ಸಾರ್ವಜನಿಕ ಸ್ಥಳದಲ್ಲಿ ಹತ್ತು ಗಂಟೆ ಅಥವಾ ಅದಕ್ಕೂ ಹೆಚ್ಚು ಹೊತ್ತು ಯಾರೂ ನೋಡಿಕೊಳ್ಳದೆ ಬಿಟ್ಟ ಗಾಡಿಯನ್ನು ತೆಗೆಸಲು ಸಮವಸ್ತ್ರದಲ್ಲಿರುವ ಪೊಲೀಸ್ ಅಧಿಕಾರಿ ಆದೇಶಿಸಬಹುದು. ನಿಷೇಧದ ಬೋರ್ಡೇ ಬೇಕೆಂದಿಲ್ಲ. ನಿಮ್ಮ ನೋಟ್‌ಬುಕ್ಕಿನಲ್ಲಿ ರಾತ್ರಿಯ ಸುತ್ತಿನಲ್ಲೂ ಮರುದಿನ ಮಧ್ಯಾಹ್ನದ ಸುತ್ತಿನಲ್ಲೂ ಇರುವ ಗಾಡಿ ಹತ್ತು ಗಂಟೆ ದಾಟಿದ್ದೇ. ಎಲ್ಲವನ್ನೂ ಎತ್ತಿಸಲು ಹೋಗಬೇಡಿ, ಅದು ವೈರಕ್ಕೆ ದಾರಿ. ಮೊದಲು ಹ್ಯಾಂಡಲಿಗೆ ಒಂದು ಚೀಟಿ ಸಿಕ್ಕಿಸಿ: ಒಳಗೆ ಜಾಗವಿದೆ, ಇಲ್ಲಿ ಆಂಬುಲೆನ್ಸಿಗೆ ದಾರಿ ಬೇಕು ಎಂದು. ಅದಕ್ಕೂ ಬಗ್ಗದೆ ತಿರುವಿನಲ್ಲಿ, ಮನೆಗಳ ಗೇಟಿಗೆ ಅಡ್ಡ ನಿಲ್ಲುವ ಗಾಡಿಗಳ ಪೂರ್ಣ ನಂಬರು, ಎರಡೂ ಹೊತ್ತಿನ ಫೋಟೊ ಸೇರಿಸಿ ಠಾಣೆಗೆ ಲಿಖಿತ ದೂರು ಕೊಡಿ ಮತ್ತು ಸ್ವೀಕೃತಿ ಪಡೆಯಿರಿ.